ನಾಲ್ಕು ಸಾವಿರ ಅಡಿಯ ಮೇಲಿನ ತಿರುವು: ನೆವಿನ್ಸನ್ನರ ಕಲ್ಲಚ್ಚು ಮತ್ತು ಅದರ ಎರಡು ಮರುಮುದ್ರಣಗಳು

ಇಂಗ್ಲೆಂಡಿನ ಕಲಾವಿದ ಸಿ. ಆರ್. ಡಬ್ಲ್ಯೂ. ನೆವಿನ್ಸನ್ 1917ರಲ್ಲಿ ರಚಿಸಿದ ‘ಬ್ಯಾಂಕಿಂಗ್ ಅಟ್ 4,000 ಫೀಟ್’ ಎಂಬ ಕಲ್ಲಚ್ಚಿನ (ಲಿಥೋಗ್ರಾಫ್, ಅಂದರೆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಇಳಿಸಿದ ಚಿತ್ರ) ಮರುಮುದ್ರಣವನ್ನು ನಾನು ಎರಡು ಸಲ ಕೊಂಡಿದ್ದೇನೆ. ಮೊದಲನೆಯ ಪ್ರತಿ ಗೋಡೆಯ ಮೇಲೆ ಮೂರು ತಿಂಗಳೂ ನಿಲ್ಲಲಿಲ್ಲ. ಎರಡನೆಯದು ಕಳೆದ ಒಂದು ವರ್ಷದಿಂದ ನಮ್ಮ ನಡುಮನೆಯಲ್ಲಿದೆ, ಮುಂದೆಯೂ ಅಲ್ಲೇ ಇರುತ್ತದೆ. ಚಿತ್ರ ಒಂದೇ, ಹೆಸರು ಒಂದೇ. ಆದರೂ ಒಂದು ಪ್ರತಿಯಲ್ಲಿ ವಿಮಾನ ಹಾರುತ್ತದೆ, ಇನ್ನೊಂದರಲ್ಲಿ ಹಾರುವುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಬರೆದಿಟ್ಟರೆ ಹಳೆಯ ಮುದ್ರಣಚಿತ್ರಗಳ ಪ್ರತಿ ತರಿಸಬೇಕೆಂದಿರುವವರಿಗೆ ಉಪಯೋಗವಾದೀತು ಎಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಚಿತ್ರದ ಮಾತು. ಮೂಲ ಅಚ್ಚು ಸುಮಾರು 40 ಸೆಂಟಿಮೀಟರ್ ಎತ್ತರ, 32 ಸೆಂಟಿಮೀಟರ್ ಅಗಲವಿರುವ ಕಪ್ಪು-ಬಿಳುಪಿನ ಚಿತ್ರ. ಇದನ್ನು ನೋಡುವವರು ನೆಲದ ಮೇಲೆ ನಿಂತು ತಲೆಯೆತ್ತಿ ಆಕಾಶ ನೋಡುತ್ತಿರುವುದಿಲ್ಲ. ಹಾರಾಟಗಾರನ ಬಳಿಯಲ್ಲೇ, ಅಷ್ಟೇ ಎತ್ತರದಲ್ಲಿ ಇರುತ್ತಾರೆ. ಹಳೆಯ ಕಾಲದ ಜೋಡಿರೆಕ್ಕೆಯ ವಿಮಾನ ಇಡಿಯಾಗಿ ಕಾಣುವುದಿಲ್ಲ, ಅದರ ಒಂದು ತುಂಡು ಮಾತ್ರ ಚೌಕಟ್ಟಿನೊಳಗೆ ಬಂದಿದೆ: ತೆರೆದ ಆಸನದಲ್ಲಿ ಕುಳಿತ ಒಬ್ಬ ಮನುಷ್ಯ, ರೆಕ್ಕೆಯ ಅಗಲವಾದ ಹಾಳೆ, ರೆಕ್ಕೆಗಳ ನಡುವಿನ ಕಂಬಗಳು, ತಂತಿಗಳು. ಎಲ್ಲವೂ ಓರೆ. ಅವುಗಳ ಸಂದಿಯಲ್ಲಿ, ಬಹಳ ಕೆಳಗೆ, ಇಂಗ್ಲೆಂಡಿನ ಹೊಲಗಳು ಕಾಣುತ್ತವೆ. ಆದರೆ ಅವನ್ನು ಹೊಲಗಳೆಂದು ಗುರುತಿಸಲು ಕಣ್ಣಿಗೆ ಒಂದು ಕ್ಷಣ ಬೇಕು. ಮರವಿಲ್ಲ, ಮನೆಯಿಲ್ಲ, ಬೇಲಿಯ ಎಲೆಯಿಲ್ಲ. ಕಪ್ಪು, ನಸುಗಪ್ಪು, ಬೂದು, ಬಿಳಿ ಎಂಬ ನಾಲ್ಕೈದು ಛಾಯೆಗಳ ಚೌಕಗಳೂ ತ್ರಿಕೋನಗಳೂ ಕೌದಿಯ ತೇಪೆಗಳಂತೆ ಒಂದಕ್ಕೊಂದು ಅಂಟಿಕೊಂಡು ಮಲಗಿವೆ. ಶೀರ್ಷಿಕೆಯಲ್ಲಿರುವ ‘ಬ್ಯಾಂಕಿಂಗ್’ ಎಂದರೆ ವಿಮಾನವು ಒಂದು ರೆಕ್ಕೆ ತಗ್ಗಿಸಿ, ಇನ್ನೊಂದನ್ನು ಏರಿಸಿ, ವಾಲಿಕೊಂಡು ತಿರುಗುವುದು. ನಾಲ್ಕು ಸಾವಿರ ಅಡಿ ಎಂದರೆ ಸುಮಾರು 1,220 ಮೀಟರು. ನಂದಿಬೆಟ್ಟದ ತುದಿಯಲ್ಲಿ ನಿಂತು ಕೆಳಗಿನ ಹೊಲಗಳನ್ನು ನೋಡುವ ಎತ್ತರದ ಸರಿಸುಮಾರು ಎರಡರಷ್ಟು.

ನಾನು ಕಲಾ ವಿಮರ್ಶಕನಲ್ಲ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ, ವಿಮಾನದ ಒಡಲನ್ನು ಜೋಡಿಸುವ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತನಾದವನು. ಆದ್ದರಿಂದ ಈ ಚಿತ್ರದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಕಂಬಗಳ ಕಡೆಗೆ. ನಮ್ಮ ಶಾಪಿನ ಮಾತಿನಲ್ಲಿ ಅವಕ್ಕೆ ಸ್ಟ್ರಟ್ ಎನ್ನುತ್ತೇವೆ, ಅವುಗಳ ನಡುವೆ ಕತ್ತರಿಯಾಕಾರದಲ್ಲಿ ಎಳೆದು ಕಟ್ಟಿದವಕ್ಕೆ ಬ್ರೇಸಿಂಗ್ ವಯರ್ ಎನ್ನುತ್ತೇವೆ. ಮರದ ಹಂದರದ ಮೇಲೆ ಬಟ್ಟೆ ಹೊದಿಸಿದ ಆ ಕಾಲದ ರೆಕ್ಕೆಗೆ ತನ್ನದೇ ಆದ ಬಲ ಕಡಿಮೆ. ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ, ನಡುವಿನ ಕಂಬ, ಬಿಗಿದ ತಂತಿ ಇವೆಲ್ಲ ಸೇರಿ ಒಂದು ಸೇತುವೆಯಂತೆ ಭಾರ ಹೊರುತ್ತಿದ್ದವು. ಕಂಬ ಒತ್ತಡವನ್ನು ತಡೆಯುತ್ತದೆ, ತಂತಿ ಸೆಳೆತವನ್ನು ತಡೆಯುತ್ತದೆ. ನೆವಿನ್ಸನ್ ಈ ತಂತಿಗಳನ್ನು ಅಲಂಕಾರಕ್ಕೆಂದು ಗೀಚಿಲ್ಲ. ಬಿಗಿಯಾಗಿ ಎಳೆದ ತಂತಿಗೆ ಇರುವ ನೇರ, ಕಂಬಕ್ಕಿರುವ ದಪ್ಪ, ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಕೆಲಸ ಬಲ್ಲವನಿಗೆ ಅಷ್ಟು ಸಾಕು, ಚಿತ್ರಕಾರ ನೋಡಿ ಬರೆದಿದ್ದಾನೆ ಎಂಬ ನಂಬಿಕೆ ಹುಟ್ಟುತ್ತದೆ.

ಎರಡನೆಯ ನಂಬಿಕೆ ಹುಟ್ಟಿದ್ದು ಹಾರಾಟದ ನೆನಪಿನಿಂದ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಬೆಂಗಳೂರಿನ ಜಕ್ಕೂರು ವಿಮಾನನಿಲ್ದಾಣದಿಂದ ಪುಷ್ಪಕ್ ವಿಮಾನದಲ್ಲಿ ಕುಳಿತು ಹಾರುವ ಅವಕಾಶ ನನಗೆ ಒದಗಿತ್ತು. ಎಚ್‌ಎಎಲ್‌ನಲ್ಲೇ ತಯಾರಾದ, ಇಬ್ಬರು ಅಕ್ಕಪಕ್ಕದಲ್ಲಿ ಕೂರುವ, ಬಟ್ಟೆ ಹೊದಿಸಿದ ಪುಟ್ಟ ವಿಮಾನ ಅದು. ತಿರುಗುವಾಗ ನಾವೇ ವಾಲುತ್ತೇವೆ ಎಂದು ನಾನು ಅಂದುಕೊಂಡಿದ್ದೆ. ಹಾಗೆ ಆಗಲಿಲ್ಲ. ತಿರುವು ಸರಿಯಾಗಿದ್ದರೆ ಕುಳಿತವನ ದೇಹಕ್ಕೆ ವಾಲಿದ ಅರಿವೇ ಇರುವುದಿಲ್ಲ. ಆಸನ ಕೆಳಗಿನಿಂದ ನೇರವಾಗಿ, ಸ್ವಲ್ಪ ಹೆಚ್ಚು ಬಲವಾಗಿ ಒತ್ತುತ್ತದೆ ಅಷ್ಟೆ. 45 ಡಿಗ್ರಿ ವಾಲಿದ ತಿರುವಿನಲ್ಲಿ ದೇಹದ ಭಾರ ಸುಮಾರು 1.4 ಪಟ್ಟು ಆದಂತೆ ಅನಿಸುತ್ತದೆ. ಕೈಯಲ್ಲಿ ನೀರಿನ ಲೋಟವಿದ್ದರೂ ಚೆಲ್ಲುವುದಿಲ್ಲ. ವಾಲುವುದು ಭೂಮಿ. ಜಕ್ಕೂರಿನ ಕೆರೆ, ಅದರಾಚೆಯ ಹೊಲಗಳು, ರಸ್ತೆ ಎಲ್ಲವೂ ತಟ್ಟೆಯೊಂದನ್ನು ಯಾರೋ ಎತ್ತಿ ಹಿಡಿದಂತೆ ಕಿಟಕಿಯ ಪಕ್ಕಕ್ಕೆ ಎದ್ದು ನಿಂತವು. ಆ ಕ್ಷಣದಲ್ಲಿ ಕೆರೆ ಕೆರೆಯಾಗಿ ಕಾಣಲಿಲ್ಲ, ಹೊಳೆಯುವ ಒಂದು ಆಕಾರವಾಗಿ ಕಂಡಿತು. ನೆವಿನ್ಸನ್ನರ ಚಿತ್ರವನ್ನು ಎಷ್ಟೋ ವರ್ಷಗಳ ನಂತರ ಮೊದಲ ಬಾರಿ ನೋಡಿದಾಗ ಆ ಕೆರೆ ನೆನಪಾಯಿತು. ಇದೇ ಕಾರಣಕ್ಕೆ ಈ ಚಿತ್ರದ ಅಮೂರ್ತತೆಯನ್ನು ನಾನು ಕಲಾವಿದನ ಲಹರಿ ಎಂದು ಒಪ್ಪುವುದಿಲ್ಲ. ಮೇಲಿನಿಂದ ಭೂಮಿ ಇರುವುದೇ ಹಾಗೆ. ಅವರು ಬಿಡಿಸಿದ್ದು ಕಂಡದ್ದನ್ನು.

ಚಿತ್ರ ಹುಟ್ಟಿದ ಸಂದರ್ಭವನ್ನು ತಿಳಿದುಕೊಳ್ಳದೆ ಇದನ್ನು ಗೋಡೆಗೆ ಹಾಕುವುದು ಸರಿಯಲ್ಲ. 1917ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಬ್ರಿಟಿಷ್ ಸರ್ಕಾರದ ಪ್ರಚಾರ ಇಲಾಖೆಯು ದೇಶದ ‘ಪ್ರಯತ್ನಗಳು ಮತ್ತು ಆದರ್ಶಗಳು’ ಎಂಬ ಹೆಸರಿನಲ್ಲಿ 66 ಕಲ್ಲಚ್ಚುಗಳ ಮಾಲೆಯೊಂದನ್ನು ಹದಿನೆಂಟು ಕಲಾವಿದರಿಂದ ಮಾಡಿಸಿತು. ‘ಆದರ್ಶ’ಗಳದ್ದು ಬಣ್ಣದ 12 ಚಿತ್ರಗಳು, ‘ಪ್ರಯತ್ನ’ಗಳದ್ದು ಒಬ್ಬೊಬ್ಬ ಕಲಾವಿದನಿಗೆ ಆರರಂತೆ ಒಂಬತ್ತು ಗುಂಪುಗಳಲ್ಲಿ 54 ಕಪ್ಪು-ಬಿಳುಪು ಚಿತ್ರಗಳು. ಹಡಗು ಕಟ್ಟುವುದು ಮ್ಯುರ್‌ಹೆಡ್ ಬೋನ್ ಅವರ ಪಾಲಿಗೆ, ಫಿರಂಗಿ ತಯಾರಿಕೆ ಜಾರ್ಜ್ ಕ್ಲಾಸೆನ್ ಅವರ ಪಾಲಿಗೆ, ವಿಮಾನ ತಯಾರಿಕೆ ನೆವಿನ್ಸನ್ನರ ಪಾಲಿಗೆ ಬಂತು. ಅವರ ಆರು ಚಿತ್ರಗಳಲ್ಲಿ ಮೊದಲ ಮೂರು ಕಾರ್ಖಾನೆಯವು: ಎಂಜಿನ್ ತಯಾರಿಕೆ, ಅಸಿಟಿಲೀನ್ ಬೆಸುಗೆ, ಬಿಡಿಭಾಗಗಳ ಜೋಡಣೆ. ಉಳಿದ ಮೂರು ಆಕಾಶದವು. ಅವುಗಳಲ್ಲಿ ನಮ್ಮ ಈ ಚಿತ್ರವೂ ಒಂದು. 1917ರ ಜುಲೈನಲ್ಲಿ ಲಂಡನ್ನಿನ ಫೈನ್ ಆರ್ಟ್ ಸೊಸೈಟಿಯಲ್ಲಿ ಮಾಲೆಯ ಪ್ರದರ್ಶನ ನಡೆಯಿತು. ಇಂದು ಅದರ ಪ್ರತಿಗಳು ಬ್ರಿಟಿಷ್ ಮ್ಯೂಸಿಯಂ, ಟೇಟ್, ಇಂಪೀರಿಯಲ್ ವಾರ್ ಮ್ಯೂಸಿಯಂ ಮೊದಲಾದ ಸಂಗ್ರಹಗಳಲ್ಲಿವೆ.

ಅಂದರೆ ಇದು ಸರ್ಕಾರ ಹೇಳಿ ಮಾಡಿಸಿದ ಪ್ರಚಾರಚಿತ್ರ. ಹಾಗೆ ಮಾಡಿಸಿದ ಚಿತ್ರಗಳು ಬಹುಮಟ್ಟಿಗೆ ಜನರಿಗೆ ಆಗಲೇ ರೂಢಿಯಾಗಿರುವ ಶೈಲಿಯಲ್ಲೇ ಇರುತ್ತವೆ, ಮಾಲೆಯ ಹಲವು ಚಿತ್ರಗಳು ಹಾಗೇ ಇವೆ. ನೆವಿನ್ಸನ್ ಮಾತ್ರ ಹೊಸ ಕಲೆಯ ಭಾಷೆಯನ್ನು ಸರ್ಕಾರಿ ಕಡತದೊಳಕ್ಕೆ ಒಯ್ದರು. ಅವರು 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು, ಅಲ್ಲಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿತವರು. ಇಟಲಿಯ ಕವಿ ಮಾರಿನೆಟ್ಟಿ 1909ರಲ್ಲಿ ಆರಂಭಿಸಿದ ಫ್ಯೂಚರಿಸಂ, ವೇಗವನ್ನೂ ಯಂತ್ರವನ್ನೂ ಕೊಂಡಾಡಿದ ಆ ಪಂಥ, ಅವರನ್ನು ಸೆಳೆಯಿತು. 1914ರ ಜೂನ್‌ನಲ್ಲಿ ಮಾರಿನೆಟ್ಟಿಯ ಜೊತೆ ಸೇರಿ ಇಂಗ್ಲಿಷ್ ಕಲೆಯ ಕುರಿತು ಪ್ರಣಾಳಿಕೆಯೊಂದನ್ನೂ ಪ್ರಕಟಿಸಿದರು. ಎರಡು ತಿಂಗಳಲ್ಲಿ ಯುದ್ಧ ಬಂತು. ಅವರು ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಆಂಬುಲೆನ್ಸ್ ದಳ ಸೇರಿ ಫ್ರಾನ್ಸಿನ ಡನ್‌ಕರ್ಕ್‌ಗೆ ಹೋದರು. ಅಲ್ಲಿನ ರೈಲ್ವೆ ಷೆಡ್ಡೊಂದರಲ್ಲಿ ಹುಲ್ಲಿನ ಮೇಲೆ, ಚಿಕಿತ್ಸೆಯಿಲ್ಲದೆ ಮಲಗಿದ್ದ ಫ್ರೆಂಚ್ ಗಾಯಾಳುಗಳ ಶುಶ್ರೂಷೆ ಮಾಡಿದರು. ಯಂತ್ರವನ್ನು ಕೊಂಡಾಡಿದ ಕೈಗೆ ಯಂತ್ರ ಸೀಳಿದ ಮೈಗಳನ್ನು ತೊಳೆಯುವ ಕೆಲಸ ಬಂತು. ಫ್ಯೂಚರಿಸಂನಿಂದ ಕಲಿತ ಮೊನಚು ಕೋನಗಳನ್ನು ಅವರು ಬಿಡಲಿಲ್ಲ. ಆ ಕೋನಗಳಲ್ಲಿದ್ದ ಸಂಭ್ರಮ ಮಾತ್ರ ಹೋಯಿತು. 1915ರ ‘ಲಾ ಮಿತ್ರಾಯೂಸ್’ ವರ್ಣಚಿತ್ರದಲ್ಲಿ ಮೆಷಿನ್‌ಗನ್ ಹಿಡಿದ ಸೈನಿಕರ ಮುಖಗಳೂ ಲೋಹದ ತಗಡಿನಂತಿರುವುದನ್ನು ನೋಡಿದವರಿಗೆ ಈ ಮಾತು ಗೊತ್ತಾಗುತ್ತದೆ.

ಆಕಾಶದಿಂದ ಕಂಡ ಭೂಮಿಗೂ ಅಮೂರ್ತ ಕಲೆಗೂ ಇರುವ ನಂಟು ಆಗ ಬೇರೆ ದೇಶಗಳಲ್ಲೂ ಮೊಳೆಯುತ್ತಿತ್ತು. ರಷ್ಯದಲ್ಲಿ ಚಿತ್ರಕಾರ ಮಾಲೆವಿಚ್ 1915ರಲ್ಲೇ ‘ಹಾರುವ ವಿಮಾನ’ ಎಂಬ ಹೆಸರಿನ ರಚನೆಯಲ್ಲಿ ಬರೀ ಆಯತಗಳನ್ನಿಟ್ಟಿದ್ದರು. ಅಲ್ಲಿ ವಿಮಾನವೆಂದು ತೋರಿಸಬಹುದಾದ ಒಂದು ಗೆರೆಯೂ ಇಲ್ಲ. ಇಟಲಿಯ ಫ್ಯೂಚರಿಸ್ಟರು ‘ಏರೋಪಿತ್ತೂರ’ ಎಂದು ಹಾರಾಟದ ಚಿತ್ರಕಲೆಗೆ ಪ್ರಣಾಳಿಕೆ ಬರೆದದ್ದು 1929ರಲ್ಲಿ. ನೆವಿನ್ಸನ್ನರ ಕಲ್ಲಚ್ಚು ಇವೆರಡರ ನಡುವೆ ನಿಲ್ಲುತ್ತದೆ. ಅವರು ಮಾಲೆವಿಚ್‌ರಷ್ಟು ದೂರ ಹೋಗಲಿಲ್ಲ, ಹಾರಾಟಗಾರನನ್ನೂ ಕಂಬವನ್ನೂ ಉಳಿಸಿಕೊಂಡರು. ಅದರಿಂದ ಚಿತ್ರಕ್ಕೆ ಲಾಭವೇ ಆಗಿದೆ ಎಂಬುದು ನನ್ನ ಅಭಿಪ್ರಾಯ. ಕೈಗೆಟಕುವಷ್ಟು ಹತ್ತಿರದಲ್ಲಿ ಗುರುತು ಸಿಗುವ ವಸ್ತುಗಳು, ಕೆಳಗೆ ಗುರುತು ತಪ್ಪಿದ ಭೂಮಿ: ಎರಡನ್ನೂ ಒಟ್ಟಿಗೆ ಇಟ್ಟಾಗಲೇ ನಡುವಿನ ನಾಲ್ಕು ಸಾವಿರ ಅಡಿಯ ಗಾಳಿ ಕಾಣುವುದು.

ಈ ಗಾಳಿ ಕಾಗದದ ಮೇಲೆ ಹೇಗೆ ಬಂತು ಎಂದರೆ ಕಲ್ಲಚ್ಚಿನ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಕನ್ನಡಿಗರಿಗೆ ಇದು ಅಪರಿಚಿತ ವಿದ್ಯೆಯಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನಲ್ಲೇ ಹೊರಬಂದದ್ದು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯುತ್ತಾರೆ. ಗೋಂದು ಮತ್ತು ಆಮ್ಲದ ದ್ರಾವಣವನ್ನು ಸವರಿ ಹದ ಮಾಡಿದ ಮೇಲೆ ಕಲ್ಲನ್ನು ನೀರಿನಿಂದ ತೋಯಿಸುತ್ತಾರೆ. ಜಿಡ್ಡಿದ್ದಲ್ಲಿ ನೀರು ನಿಲ್ಲುವುದಿಲ್ಲ, ನೀರಿದ್ದಲ್ಲಿ ಎಣ್ಣೆಯ ಶಾಯಿ ಹತ್ತುವುದಿಲ್ಲ. ಶಾಯಿಯ ಉರುಳೆಯನ್ನು ಹೊರಳಿಸಿದರೆ ಬಳಪ ಮುಟ್ಟಿದಲ್ಲಿ ಮಾತ್ರ ಶಾಯಿ ಕೂರುತ್ತದೆ. ಕಾಗದವಿಟ್ಟು ಒತ್ತಿದರೆ ಚಿತ್ರ ಇಳಿಯುತ್ತದೆ. ಇದರಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಒಂದು. ಕಲ್ಲಿನ ಮೈಗೆ ಸಣ್ಣ ತರಿ ಇರುತ್ತದೆ. ಬಳಪವನ್ನು ಹಗುರವಾಗಿ ಎಳೆದರೆ ಅದು ತರಿಯ ತಲೆಗಳನ್ನಷ್ಟೇ ಮುಟ್ಟುತ್ತದೆ, ಒತ್ತಿ ಎಳೆದರೆ ಕುಳಿಗಳಿಗೂ ಇಳಿಯುತ್ತದೆ. ಹಾಗಾಗಿ ಕಲ್ಲಚ್ಚಿನ ಬೂದುಬಣ್ಣ ಎಂದರೆ ನಿಜವಾಗಿ ಬೂದು ಶಾಯಿ ಅಲ್ಲ. ಅಚ್ಚ ಕಪ್ಪಿನ ಸಾವಿರಾರು ಒಡಕು ಚುಕ್ಕೆಗಳು, ಅವುಗಳ ನಡುವೆ ಉಸಿರಾಡುವ ಕಾಗದ. ನೆವಿನ್ಸನ್ನರ ಹೊಲಗಳು ಇರುವುದು ಈ ಬೂದಿನಲ್ಲಿ. ಪ್ರತಿ ತೇಪೆಗೂ ಬಳಪದ ಒತ್ತು ಬೇರೆ, ಎಳೆತದ ದಿಕ್ಕು ಬೇರೆ. ಅದು ಉಳಿದರೆ ದೂರ ಉಳಿಯುತ್ತದೆ, ಅದು ಹೋದರೆ ಹೊಲಗಳು ಮೇಲೆದ್ದು ಬಂದು ರೆಕ್ಕೆಗೆ ಅಂಟಿಕೊಳ್ಳುತ್ತವೆ.

ಇದು ನನಗೆ ಮನದಟ್ಟಾದದ್ದು ಮೂಲವನ್ನು ಕಂಡ ಮೇಲೆ. ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಬ್ರಿಟಿಷ್ ಮ್ಯೂಸಿಯಂನ ಮುದ್ರಣಚಿತ್ರ ವಿಭಾಗದ ಅಧ್ಯಯನ ಕೊಠಡಿಗೆ ಮುಂಚಿತವಾಗಿ ಸಮಯ ಗೊತ್ತುಪಡಿಸಿಕೊಂಡು ಹೋದೆ. ಅಲ್ಲಿ ಪೆನ್ನು ತರುವಂತಿಲ್ಲ, ಪೆನ್ಸಿಲ್ಲಿನಲ್ಲಿ ಮಾತ್ರ ಬರೆದುಕೊಳ್ಳಬೇಕು. ಗಾಜಿನ ಅಡ್ಡಿಯಿಲ್ಲದೆ, ಒಂದು ಗೇಣು ದೂರದಲ್ಲಿ ಚಿತ್ರವನ್ನು ಎದುರಿಗಿಟ್ಟುಕೊಂಡು ಮುಕ್ಕಾಲು ಗಂಟೆ ಕುಳಿತಿದ್ದೆ. ನಿವೃತ್ತ ಕಾರ್ಮಿಕನೊಬ್ಬನಿಗೆ, ಯಾವ ಪದವಿಪತ್ರವನ್ನೂ ಕೇಳದೆ, ನೂರು ವರ್ಷದ ಹಾಳೆಯೊಂದನ್ನು ತಂದು ಮುಂದಿಟ್ಟ ಆ ಸೌಜನ್ಯವನ್ನು ನಾನು ಮರೆಯಲಾರೆ. ಅಂದು ಕಂಡ ಎರಡು ವಿಷಯಗಳು ಆಮೇಲೆ ಪ್ರತಿಗಳನ್ನು ಅಳೆಯಲು ನನಗೆ ಅಳತೆಗೋಲಾದವು. ಒಂದು, ಅತಿ ಕಪ್ಪಾದ ಭಾಗಗಳಲ್ಲೂ ಕಪ್ಪು ಮುಚ್ಚಿಹೋಗಿಲ್ಲ. ಒಳಗೆ ಕಣ್ಣಿಟ್ಟರೆ ಬಳಪದ ಗೆರೆ ಇನ್ನೂ ಕಾಣುತ್ತದೆ. ಎರಡು, ತಂತಿಗಳು ಹೊಲಗಳನ್ನು ದಾಟುವ ಜಾಗಗಳಲ್ಲಿ ಅವು ಕಣ್ಣಿಗೆ ಒಮ್ಮೆ ತೋರಿ ಒಮ್ಮೆ ಮಸುಕಾಗುತ್ತವೆ. ಹಾರುವಾಗ ತಂತಿ ಕಾಣುವುದೂ ಹಾಗೆಯೇ.

ಈಗ ಕೊಂಡ ಪ್ರತಿಗಳ ವಿಚಾರ. ನೆವಿನ್ಸನ್ 1946ರಲ್ಲಿ ತೀರಿಕೊಂಡರು. ಬ್ರಿಟನ್ನಿನಲ್ಲಿ ಕೃತಿಸ್ವಾಮ್ಯ ಕಲಾವಿದನ ಮರಣದ ನಂತರ 70 ವರ್ಷ ಇರುತ್ತದೆ, ಭಾರತದಲ್ಲಿ 60 ವರ್ಷ, ಎರಡೂ ಮುಗಿದಿವೆ. ಆದ್ದರಿಂದ ಯಾರು ಬೇಕಾದರೂ ಈ ಚಿತ್ರವನ್ನು ಮುದ್ರಿಸಿ ಮಾರಬಹುದು. ಈ ಸ್ವಾತಂತ್ರ್ಯ ಒಳ್ಳೆಯದೇ, ಆದರೆ ಕೊಳ್ಳುವವನು ಎಚ್ಚರವಾಗಿರಬೇಕಾದದ್ದು ಈ ಕಾರಣಕ್ಕೇ. ನನ್ನ ಮೊದಲ ಪ್ರತಿಯನ್ನು ಅಂತರಜಾಲದ ಮಳಿಗೆಯೊಂದರಿಂದ 1,800 ರೂಪಾಯಿ ಕೊಟ್ಟು ತರಿಸಿದೆ. ಕೊಳವೆಯಲ್ಲಿ ಸುತ್ತಿ ಕಳಿಸಿದ್ದರು, ಪೆಟ್ಟಾಗದೆ ಬಂತು, ಹೇಳಿದ ದಿನಕ್ಕೇ ಬಂತು. ಅಲ್ಲಿಗೆ ಒಳ್ಳೆಯ ಮಾತು ಮುಗಿಯಿತು. ಅಂತರಜಾಲದಲ್ಲಿ ಸಿಕ್ಕ ಸಣ್ಣ ಚಿತ್ರವೊಂದನ್ನು ಹಿಗ್ಗಿಸಿ, ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿ, ಬಿಳಿಯನ್ನು ಸುಣ್ಣದಂತೆ ಬೆಳಗಿಸಿ, ಅದರ ಮೇಲೆ ಹಳೆಯದೆನ್ನಿಸಲೆಂದು ಚಹಾದ ಬಣ್ಣದ ಛಾಯೆಯನ್ನೂ ಹಚ್ಚಿದ್ದರು. ಹೊಳಪಿನ ಕ್ಯಾನ್ವಾಸಿನ ನೇಯ್ಗೆ ಎಲ್ಲೆಡೆಯೂ ಒಂದೇ ಸಮನಾಗಿ ಕಾಣುತ್ತಿತ್ತು. ಬಳಪದ ತರಿ ಇದ್ದ ಜಾಗವನ್ನು ಬಟ್ಟೆಯ ಗೀರು ಆಕ್ರಮಿಸಿತ್ತು. ಹೊಲದ ಐದು ಛಾಯೆಗಳಲ್ಲಿ ಮೂರು ಮಾತ್ರ ಉಳಿದಿದ್ದವು. ಎಲ್ಲಕ್ಕಿಂತ ದೊಡ್ಡ ತಪ್ಪು ಎಂದರೆ ಚೌಕಟ್ಟಿನ ಅಳತೆಗೆ ಹೊಂದಿಸಲು ಚಿತ್ರದ ಎರಡು ಬದಿಗಳನ್ನೂ ಒಂದೊಂದು ಬೆರಳಿನಷ್ಟು ಕತ್ತರಿಸಿದ್ದರು. ಓರೆಗೆರೆಗಳ ಚಿತ್ರದಲ್ಲಿ ಗೆರೆ ಅಂಚನ್ನು ಎಲ್ಲಿ ಮುಟ್ಟುತ್ತದೆ ಎಂಬುದೇ ತಿರುವಿನ ಕೋನವನ್ನು ನಿರ್ಧರಿಸುತ್ತದೆ. ಅಂಚು ಹೋದ ಮೇಲೆ ವಿಮಾನ ತಿರುಗುತ್ತಿರುವಂತೆ ಕಾಣಲಿಲ್ಲ, ಓರೆಯಾಗಿ ನಿಂತುಬಿಟ್ಟಂತೆ ಕಂಡಿತು. ಮಾರಾಟಗಾರರಿಗೆ ಬರೆದೆ. ಗ್ರಾಹಕರಿಗೆ ಹೀಗೇ ಇಷ್ಟವೆಂದು ಉತ್ತರ ಬಂತು, ಹಣ ಹಿಂದಕ್ಕೆ ಬರಲಿಲ್ಲ. ಹಣ ಹೋದದ್ದಕ್ಕಿಂತಲೂ ಕಲಾವಿದನ ಹೆಸರು ಹಾಕಿ ಅವನು ಬರೆಯದ್ದನ್ನು ಮಾರಿದ್ದು ನನಗೆ ನೋವು ತಂದಿತು.

ಎರಡನೆಯ ಪ್ರತಿಯನ್ನು ಮೂಲಕೃತಿಯನ್ನು ತನ್ನ ಸಂಗ್ರಹದಲ್ಲಿ ಇಟ್ಟುಕೊಂಡಿರುವ ಇಂಗ್ಲೆಂಡಿನ ಸಂಸ್ಥೆಯೊಂದರ ಮುದ್ರಣ ವಿಭಾಗದಿಂದ ಮಗಳು ತರಿಸಿಕೊಟ್ಟಳು. ಬೆಲೆ ಮೊದಲನೆಯದರ ಮೂರು ಪಟ್ಟಿಗಿಂತ ಹೆಚ್ಚು. ಹತ್ತಿಯ ನಾರಿನ, ಹೊಳಪಿಲ್ಲದ, ದಪ್ಪ ಕಾಗದ. ಸಂಗ್ರಹದಲ್ಲಿರುವ ಹಾಳೆಯನ್ನೇ ನೇರವಾಗಿ ಸ್ಕ್ಯಾನ್ ಮಾಡಿ, ಬೇಗ ಮಾಸದ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸಿದ್ದು. ಅಂಚು ಪೂರ್ತಿಯಾಗಿದೆ, ಸುತ್ತಲಿನ ಖಾಲಿ ಕಾಗದವೂ ಸೇರಿ. ಹಳೆಯ ಕಾಗದದ ಸಹಜವಾದ ಕೆನೆಬಣ್ಣ ಇದೆ, ಮೇಲೆ ಬಳಿದ ಬಣ್ಣವಿಲ್ಲ. ನಾನು ಗಡಿಯಾರ ರಿಪೇರಿಯವರು ಬಳಸುವಂಥ ಭೂತಗನ್ನಡಿಯನ್ನು ಹಿಡಿದು ನೋಡಿದೆ. ಇದೂ ಯಂತ್ರದ ಮುದ್ರಣವೇ ಆದ್ದರಿಂದ ಕನ್ನಡಿಯ ಕೆಳಗೆ ಸಿಂಪಡಿಸಿದ ಸೂಕ್ಷ್ಮ ಹನಿಗಳು ಕಾಣುತ್ತವೆ, ಕಲ್ಲಿನ ಮೇಲಿನ ಶಾಯಿಯ ಉಬ್ಬು ಇಲ್ಲ. ಆದರೆ ಆ ಹನಿಗಳು ಬಳಪದ ಪ್ರತಿಯೊಂದು ಒಡಕು ಚುಕ್ಕೆಯ ಆಕಾರವನ್ನೂ ಹಿಡಿದಿವೆ. ಎರಡಡಿ ದೂರದಿಂದ ನೋಡಿದರೆ ತರಿ ಇದೆ, ತರಿಯ ಹಿಂದೆ ದೂರ ಇದೆ, ಹೊಲಗಳು ಕೆಳಗೇ ಇವೆ.

ಕೊರತೆ ಇಲ್ಲವೆಂದಲ್ಲ. ಅತಿ ಕಪ್ಪಾದ ಜಾಗಗಳಲ್ಲಿ ನಾನು ಮೂಲದಲ್ಲಿ ಕಂಡ ಒಳಗೆರೆಗಳು ಈ ಪ್ರತಿಯಲ್ಲಿ ಅರ್ಧದಷ್ಟು ಮುಚ್ಚಿವೆ. ಮೂಲದ ಎಣ್ಣೆಶಾಯಿಯ ಕಪ್ಪಿಗೆ ಒಂದು ಮೃದುವಾದ ಆಳ ಇತ್ತು. ಇದರ ಕಪ್ಪು ಇದ್ದಲಿನಂತೆ ಒಣಗಿದೆ. ಜೊತೆಗೆ ಕಳಿಸಿದ ಕಾಗದದಲ್ಲಿ ಕಲಾವಿದನ ಹೆಸರು, ವರ್ಷ, ಸಂಗ್ರಹದ ಸಂಖ್ಯೆ ಇವೆಯೇ ಹೊರತು ಇದು ಆರು ಚಿತ್ರಗಳ ಸರಣಿಯಲ್ಲಿ ಒಂದು ಎಂಬ ಮಾತಾಗಲಿ, ಯುದ್ಧಪ್ರಚಾರಕ್ಕೆ ಮಾಡಿಸಿದ್ದು ಎಂಬ ಮಾತಾಗಲಿ ಇಲ್ಲ. ಎರಡು ಸಾಲಿನ ವಿವರ ಮುದ್ರಿಸಿದ್ದರೆ ಕೊಂಡವರಿಗೆ ಎಷ್ಟೋ ಉಪಕಾರವಾಗುತ್ತಿತ್ತು.

ಚೌಕಟ್ಟಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಸೂಚನೆ. ಬಡಾವಣೆಯ ಫ್ರೇಮ್ ಅಂಗಡಿಯ ಹುಡುಗ ಕಟ್ಟರ್ ಕೈಗೆತ್ತಿಕೊಂಡು, “ಸರ್, ಈ ಸುತ್ತ ಇರೋ ಬಿಳಿ ಪೇಪರ್ ತೆಗೆದುಬಿಡ್ಲಾ? ಚಿತ್ರ ದೊಡ್ಡದಾಗಿ ಕಾಣುತ್ತೆ” ಎಂದು ಕೇಳಿದ. “ಬೇಡಪ್ಪಾ, ಅದೂ ಇರಲಿ, ಅದರಾಚೆ ಇನ್ನೂ ಎರಡಿಂಚು ಮೌಂಟ್ ಹಾಕು” ಎಂದೆ. ಚೌಕಟ್ಟಿನೊಳಗೆ ಚಿತ್ರದ ಸುತ್ತ ಇಡುವ ಈ ಮೌಂಟಿಗೆ ಆಮ್ಲರಹಿತ ಬೋರ್ಡನ್ನೇ ಕೇಳಿ ಹಾಕಿಸಬೇಕು. ಸಾಮಾನ್ಯ ಬೋರ್ಡು ಕೆಲವು ವರ್ಷಗಳಲ್ಲಿ ಕಾಗದದ ಅಂಚನ್ನು ಹಳದಿ ಮಾಡುತ್ತದೆ. ಚಿತ್ರವನ್ನು ಗಾಜಿಗೆ ನೇರವಾಗಿ ತಾಗಿಸಿದರೆ ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಹಿಡಿದುಕೊಳ್ಳುತ್ತದೆ, ಬೂಷ್ಟು ಬರುತ್ತದೆ; ನಡುವೆ ಮೌಂಟಿನ ದಪ್ಪ ಇರಲೇಬೇಕು. ಹಿಂಬದಿಗೆ ಅಂಟುಪಟ್ಟಿಯನ್ನು ಸಂದಿಲ್ಲದಂತೆ ಹಚ್ಚಿಸಿದರೆ ಬೆಳ್ಳಿಹುಳು ಒಳಗೆ ಹೋಗುವುದಿಲ್ಲ. ನಾನು ಸಣ್ಣ ಅಗಲದ ಕಪ್ಪು ಮರದ ಚೌಕಟ್ಟು ಆರಿಸಿದೆ. ಚಿನ್ನದ ಬಣ್ಣದ ಅಚ್ಚುಗೆಲಸ ಈ ಚಿತ್ರಕ್ಕೆ ಒಪ್ಪುವುದಿಲ್ಲ. ಮತ್ತೊಂದು ಮುಖ್ಯ ಮಾತು: ಕಿಟಕಿಯ ಎದುರಿನ ಗೋಡೆ ಬೇಡ. ಗಾಜಿನ ಮೇಲೆ ಕಿಟಕಿಯ ನೇರ ಗೆರೆಗಳ ಪ್ರತಿಬಿಂಬ ಬಿದ್ದರೆ ಚಿತ್ರದ ಓರೆಗೆರೆಗಳು ಅದಕ್ಕೆ ಸೋಲುತ್ತವೆ. ನಮ್ಮಲ್ಲಿ ಪಕ್ಕದ ಗೋಡೆಗೆ ಬದಲಿಸಿದ ಮೇಲೆ ಚಿತ್ರಕ್ಕೆ ಕಳೆ ಬಂತು.

ಒಂದು ವರ್ಷ ದಿನವೂ ನೋಡಿದ ಮೇಲೆ ನನ್ನನ್ನು ಕಾಡುತ್ತಿರುವ ವಿಷಯವನ್ನೂ ಹೇಳಬೇಕು. ಈ ಚಿತ್ರ ಸುಂದರವಾಗಿದೆ, ಮತ್ತು ಯುದ್ಧದ ಚಿತ್ರ. ಕೆಳಗಿನ ತೇಪೆಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಅಷ್ಟು ಎತ್ತರದಿಂದ ಮನುಷ್ಯ ಕಾಣುವುದಿಲ್ಲ ಎಂಬುದು ನಿಜ. ಆದರೆ ಮನುಷ್ಯ ಕಾಣದಷ್ಟು ಎತ್ತರಕ್ಕೆ ಏರಿದ ಮೇಲೆಯೇ ಕೆಳಗೆ ಬಾಂಬು ಬೀಳಿಸುವುದು ಸುಲಭವಾಯಿತು ಎಂಬುದೂ ಮುಂದಿನ ಚರಿತ್ರೆಯಲ್ಲಿ ನಿಜವಾಯಿತು. ಮೇಲಿದ್ದವರ ಪಾಡೂ ಸುಖದ್ದಾಗಿರಲಿಲ್ಲ. ಈ ಮಾಲೆ ಪ್ರದರ್ಶನಗೊಳ್ಳುವುದಕ್ಕೆ ಮೂರು ತಿಂಗಳ ಹಿಂದೆ, 1917ರ ಏಪ್ರಿಲ್ ಒಂದೇ ತಿಂಗಳಲ್ಲಿ ಬ್ರಿಟಿಷರು ಫ್ರಾನ್ಸಿನ ರಣರಂಗದಲ್ಲಿ ಸುಮಾರು 245 ವಿಮಾನಗಳನ್ನು ಕಳೆದುಕೊಂಡಿದ್ದರು. ಬಲೂನಿನಲ್ಲಿ ಕುಳಿತು ಶತ್ರುವನ್ನು ಗಮನಿಸುವವರಿಗೆ ಪ್ಯಾರಾಚೂಟ್ ಇರುತ್ತಿತ್ತು, ಬ್ರಿಟಿಷ್ ವಿಮಾನ ಹಾರಿಸುವವರಿಗೆ ಕೊಡುತ್ತಿರಲಿಲ್ಲ. ಚಿತ್ರದಲ್ಲಿ ತೆರೆದ ಆಸನದಲ್ಲಿ ಕುಳಿತಿರುವ ಆ ಒಬ್ಬನ ಕೆಳಗೆ ಮರ, ಬಟ್ಟೆ, ತಂತಿ ಬಿಟ್ಟರೆ ಏನೂ ಇಲ್ಲ.

ನೆವಿನ್ಸನ್ನರಿಗೆ ಇದು ತಿಳಿಯದೆ ಇರಲಿಲ್ಲ. ಅದೇ 1917ರಲ್ಲಿ ಅವರು ‘ಪಾತ್ಸ್ ಆಫ್ ಗ್ಲೋರಿ’ ಎಂಬ ವರ್ಣಚಿತ್ರವನ್ನೂ ಬರೆದರು: ಮುಳ್ಳುತಂತಿಯ ಮುಂದೆ ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದ ಇಬ್ಬರು ಬ್ರಿಟಿಷ್ ಸೈನಿಕರ ಶವಗಳು. ಸೇನೆಯ ಪರಿಶೀಲಕರು ಅದನ್ನು ತೋರಿಸಬಾರದೆಂದರು. 1918ರ ಮಾರ್ಚ್‌ನಲ್ಲಿ ತಮ್ಮ ಪ್ರದರ್ಶನದಲ್ಲಿ ಅವರು ಅದನ್ನು ತೂಗುಹಾಕಿಯೇ ಬಿಟ್ಟರು, ಶವಗಳ ಮೇಲೆ ಅಡ್ಡಲಾಗಿ ಕಂದುಕಾಗದದ ಪಟ್ಟಿ ಅಂಟಿಸಿ ‘ಸೆನ್ಸರ್ಡ್’ ಎಂದು ಬರೆದು. ಆ ಕೆಸರಿನ ಚಿತ್ರದಲ್ಲಿ ಅಮೂರ್ತತೆಯ ಸುಳಿವೂ ಇಲ್ಲ; ಬೂಟಿನ ಅಡಿಗಳೂ ಕಾಣುತ್ತವೆ. ನೆಲಕ್ಕೆ ಒಂದು ಭಾಷೆ, ಆಕಾಶಕ್ಕೆ ಇನ್ನೊಂದು ಭಾಷೆ ಒಂದೇ ವರ್ಷದಲ್ಲಿ ಒಂದೇ ಕೈಯಿಂದ ಬಂದವು. ನನ್ನ ಮೊಮ್ಮಗ “ಅಜ್ಜಾ, ಕೆಳಗೆ ಯಾರೂ ಇಲ್ವಾ?” ಎಂದು ಕೇಳಿದಾಗ ನಾನು ಈ ಎರಡನೆಯ ಚಿತ್ರದ ಬಗ್ಗೆ ಅವನಿಗೆ ಹೇಳಿದೆ, ಪುಸ್ತಕದಲ್ಲಿದ್ದ ಅದರ ಚಿತ್ರವನ್ನೂ ತೋರಿಸಿದೆ. ‘ಬ್ಯಾಂಕಿಂಗ್’ ಕೊಳ್ಳುವವರು ಅದನ್ನೂ ಒಮ್ಮೆ ನೋಡಲೇಬೇಕೆಂದು ನನ್ನ ಕೋರಿಕೆ.

ಆರರ ಸರಣಿಯಲ್ಲಿ ಮತ್ತಾವುದನ್ನು ಕೊಳ್ಳಬಹುದು ಎಂದು ಕೇಳುವವರಿಗೆ: ಶತ್ರುವಿಮಾನದ ಮೇಲೆ ಎರಗುವ ದೃಶ್ಯವಿರುವ ‘ಸ್ವೂಪಿಂಗ್ ಡೌನ್ ಆನ್ ಎ ಟೌಬೆ’ ಹೆಚ್ಚು ಜನಪ್ರಿಯ, ಅಬ್ಬರವೂ ಹೆಚ್ಚು. ಟೌಬೆ ಎಂದರೆ ಜರ್ಮನ್ ಭಾಷೆಯಲ್ಲಿ ಪಾರಿವಾಳ. ಗಾಳಿಯಲ್ಲಿ ತೇಲುವ ಬಳ್ಳಿಬೀಜವೊಂದರ ಆಕಾರವನ್ನು ನೋಡಿ ಆಸ್ಟ್ರಿಯದ ಇಗೋ ಎಟ್ರಿಚ್ ರೂಪಿಸಿದ, ಹಕ್ಕಿಯ ರೆಕ್ಕೆಯಂಥ ರೆಕ್ಕೆಗಳ ವಿಮಾನ. 1917ರ ಹೊತ್ತಿಗೆ ಅದು ರಣರಂಗದಲ್ಲಿ ಹಳತಾಗಿ ಹೋಗಿತ್ತು, ಬ್ರಿಟಿಷರ ಬಾಯಲ್ಲಿ ಹೆಸರು ಮಾತ್ರ ಉಳಿದಿತ್ತು. ನನ್ನ ಮಟ್ಟಿಗೆ ಆ ಚಿತ್ರದಲ್ಲಿ ಸಾಹಸ ತೋರಿಸುವ ಉದ್ದೇಶ ಎದ್ದು ಕಾಣುತ್ತದೆ, ನೋಡುವ ಕಣ್ಣು ಕಡಿಮೆ. ಮುಂದಿನ ತಿಂಗಳು ನಾನು ತರಿಸಬೇಕೆಂದಿರುವುದು ‘ಅಸಿಟಿಲೀನ್ ವೆಲ್ಡರ್’. ಕಣ್ಣಿಗೆ ಕನ್ನಡಕ ಕಟ್ಟಿಕೊಂಡು ಬೆಂಕಿಯ ಕಿಡಿಗಳ ಮೇಲೆ ಬಾಗಿ ಬೆಸುಗೆ ಹಾಕುತ್ತಿರುವ ಹೆಣ್ಣುಮಕ್ಕಳ ಚಿತ್ರ ಅದು. ನಮ್ಮ ಶಾಪಿನಲ್ಲಿ ನನ್ನ ಬಲಗಡೆಯ ಬೆಂಚಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಹಿರಿಯ ಸಹೋದ್ಯೋಗಿ ಅಕ್ಕನವರು ಹಾಗೆಯೇ ಬಾಗಿ ನಿಲ್ಲುತ್ತಿದ್ದರು. ಅದೇ ಮುದ್ರಣ ವಿಭಾಗಕ್ಕೆ ಬರೆದಿದ್ದೇನೆ, ಅದೇ ಕಾಗದದಲ್ಲಿ, ಅಂಚು ಪೂರ್ತಿ ಉಳಿಸಿ ಕಳಿಸಿ ಎಂದು.